ವರ್ಷದ ಕೊನೆಗೆ ಒಮ್ಮೆ ಹಿಂದಿರುಗಿ ನೋಡುವುದು ಹೇಗೆ? ಕ್ರೈಸ್ತ ಶಾಲೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಮಾರ್ಚ್ ತಿಂಗಳಲ್ಲಿ ಯಾವ ಶಾಲೆಯ ಸ್ಟಾಫ್ ರೂಮಿಗೆ ಹೋದರೂ ಕಾಣುವುದು ಇಷ್ಟೇ. ಮೇಜಿನ ಮೇಲೆ ಉತ್ತರಪತ್ರಿಕೆಗಳ ಕಟ್ಟು, ಪಕ್ಕದಲ್ಲಿ ಆರಿಹೋದ ಚಹಾ, ಒಂದು ಕೈಯಲ್ಲಿ ಕೆಂಪು ಪೆನ್ನು. ಇಂಥ ಹೊತ್ತಿನಲ್ಲಿ "ಈ ವರ್ಷ ಹೇಗಿತ್ತು ಅಂತ ಮಕ್ಕಳ ಜೊತೆ ಕೂತು ನೋಡೋಣ" ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನಮ್ಮ ಹೆಡ್‌ಮಿಸ್ ಸಿಸ್ಟರ್ ಮೊದಲ ಸಲ ಈ ಮಾತು ಎತ್ತಿದಾಗ ನನಗೂ ಬಂದಿತ್ತು.

ಆ ವರ್ಷ ನಾವು ಮಾಡಿದ್ದು ಪೂರಾ ಕೆಟ್ಟುಹೋಯಿತು. 9ನೇ ಕ್ಲಾಸಿನ ಮಕ್ಕಳನ್ನು ಸ್ಟೇಜ್ ಹತ್ತಿಸಿ, ಒಬ್ಬೊಬ್ಬರ ಕೈಗೂ ಮೇಣದಬತ್ತಿ ಕೊಟ್ಟು, "ಈ ವರ್ಷ ನಾನು ಕಲಿತದ್ದು" ಅಂತ ಮೈಕಿನಲ್ಲಿ ಓದಿಸಿದೆವು. ಮೊದಲ ಹುಡುಗ "ಶಿಸ್ತು, ಸಮಯಪಾಲನೆ ಮತ್ತು ಹಿರಿಯರಿಗೆ ಗೌರವ" ಅಂದ. ಎರಡನೆಯವನೂ ಅದನ್ನೇ ಅಂದ. ಮೂರನೆಯವಳು ಕ್ರಮ ಬದಲಿಸಿದಳು, ಅಷ್ಟೇ. ಏಳನೆಯ ಹುಡುಗಿ ಮೈಕಿನ ಮುಂದೆ ಬಂದು ನಿಂತಳು. ಆಗಸ್ಟಿನಲ್ಲಿ ಅವಳ ಅಪ್ಪ ತೀರಿಕೊಂಡಿದ್ದರು. ಬಾಯಿ ತೆರೆದಳು, ಮಾತು ಬರಲಿಲ್ಲ. ಮೇಣ ಕರಗಿ ಅವಳ ಸ್ಕರ್ಟಿನ ಮೇಲೆ ಬೀಳುತ್ತಿತ್ತು. ಯಾರಿಗೂ ಏನು ಮಾಡಬೇಕು ಅಂತ ತೋಚಲಿಲ್ಲ. ಕೊನೆಗೆ ಕೀಬೋರ್ಡ್ ಹುಡುಗ ಸುಮ್ನೆ ಒಂದು ಹಾಡು ಶುರುಮಾಡಿದ, ಅವಳು ಇಳಿದು ಹೋದಳು. ಕಾರ್ಯಕ್ರಮದ ಹೊಣೆ ನನ್ನದು, ತಪ್ಪೂ ನನ್ನದೇ.

ಆ ದಿನ ಎರಡು ವಿಷಯ ಅರ್ಥವಾದವು. ಎದುರಿಗೆ ಜನ ಕೂತಿದ್ದರೆ ಮಕ್ಕಳು ಯೋಚಿಸುವುದಿಲ್ಲ, ಒಪ್ಪಿಸುತ್ತಾರೆ. ಇನ್ನೊಂದು, ಅಷ್ಟು ದೊಡ್ಡ ದುಃಖ ಆ ಹುಡುಗಿಯ ಬೆನ್ನಿಗಿದೆ ಅಂತ ಗೊತ್ತಿದ್ದೂ ದೊಡ್ಡವರಾದ ನಾವು ಆ ವರ್ಷವನ್ನು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಕೆಳಗಿರುವ ಕ್ರಮ ಆ ಎಡವಟ್ಟಿನಿಂದ ಹುಟ್ಟಿದ್ದು. ಪ್ರತಿ ವರ್ಷ ಸ್ವಲ್ಪ ಸ್ವಲ್ಪ ತಿದ್ದುತ್ತಾ ಬಂದಿದ್ದೇವೆ.

ಇದು ನಮಗೆ ಹೊಸದೂ ಅಲ್ಲ

"ಇದೆಲ್ಲ ಈಗಿನ ಫ್ಯಾಷನ್" ಅಂತ ಹೇಳುವವರು ಸ್ಟಾಫಿನಲ್ಲಿ ಒಬ್ಬರಾದರೂ ಇರುತ್ತಾರೆ. ಅವರಿಗೆ ಸಂತ ಇಗ್ನೇಷಿಯಸ್ ಲೊಯೋಲರ ವಿಷಯ ಹೇಳಿ. ಅವರು ಬದುಕಿದ್ದು 1491ರಿಂದ 1556ರವರೆಗೆ. ದಿನವನ್ನು ತಿರುಗಿ ನೋಡುವುದಕ್ಕೆ ಅವರು ಐದು ಹಂತ ಹಾಕಿಕೊಟ್ಟರು: ಕೃತಜ್ಞತೆ ಹೇಳು, ಬೆಳಕು ಕೇಳು, ನಡೆದದ್ದನ್ನು ನೋಡು, ಕ್ಷಮೆ ಕೇಳು, ಮುಂದಿನದಕ್ಕೆ ನಿರ್ಧಾರ ಮಾಡು. ಅವರು ಕಟ್ಟಿದ ಯೇಸುಸಭೆಯವರು (ಜೆಸ್ವಿಟ್ ಪಾದ್ರಿಗಳು) 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುಮಾಡಿದಾಗ ಆ ಅಭ್ಯಾಸವೂ ಅವರ ಜೊತೆಗೇ ಬಂತು. ದಿನಕ್ಕೆ ಹೊಂದುವ ಈ ಐದು ಹಂತ ಒಂದು ವರ್ಷಕ್ಕೂ ಚೆನ್ನಾಗಿ ಹೊಂದುತ್ತವೆ.

ಪ್ರೊಟೆಸ್ಟೆಂಟ್ ಕಡೆಯವರಿಗೂ ತಮ್ಮದೇ ದಾರಿ ಇದೆ. ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಶಾಲೆ ಕಟ್ಟಿದರು, ಅಚ್ಚುಕೂಟ ತೆರೆದರು. ಇಲ್ಲಿ ಏನು ನಡೆಯಿತು, ಏನು ನಡೆಯಲಿಲ್ಲ ಅಂತ ವರದಿ ಬರೆದು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಕಳಿಸುತ್ತಿದ್ದರು. ಆ ವರದಿಗಳು ಇವತ್ತಿಗೂ ಅಲ್ಲಿನ ಸಂಗ್ರಹದಲ್ಲಿವೆ. ಡಿಸೆಂಬರ್ 31ರ ರಾತ್ರಿಯ ವಾಚ್‌ನೈಟ್ ಆರಾಧನೆಗೆ ಹೋದವರಿಗೆ ವರ್ಷ ಲೆಕ್ಕ ಹಾಕುವುದು ಗೊತ್ತೇ ಇದೆ. ಶಾಲೆಯ ವರ್ಷ ಮುಗಿಯುವುದು ಡಿಸೆಂಬರಿನಲ್ಲಲ್ಲ, ಅಷ್ಟೇ ವ್ಯತ್ಯಾಸ.

ಮೊದಲ ಹೆಜ್ಜೆ: ದಿನ ಗೊತ್ತುಮಾಡಿ, ಅದೂ ಜನವರಿಯಲ್ಲೇ

ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ರಜೆ ಶುರು. 10ನೇ ತರಗತಿಯವರು ಅದಕ್ಕೂ ಮೊದಲೇ ಓದುವ ರಜೆಗೆ ಹೋಗಿರುತ್ತಾರೆ. ಹಾಗಾಗಿ ಎಲ್ಲರಿಗೂ ಒಂದೇ ದಿನ ಇಡಲು ಹೋಗಬೇಡಿ. 10ನೆಯವರಿಗೆ ಬೀಳ್ಕೊಡುಗೆಗೆ ಮುಂಚಿನ ವಾರ, ಉಳಿದವರಿಗೆ ವಾರ್ಷಿಕ ಪರೀಕ್ಷೆ ಶುರುವಾಗುವ ಮೊದಲು. ಪರೀಕ್ಷೆ ಮುಗಿದ ಮೇಲೆ ಇಟ್ಟರೆ ಅರ್ಧ ಕ್ಲಾಸು ಅಜ್ಜಿಮನೆಯಲ್ಲಿರುತ್ತದೆ. ಫಲಿತಾಂಶ ಬಂದ ಮೇಲಂತೂ ಬೇಡವೇ ಬೇಡ. ಅಂಕ ಕಂಡ ಮೇಲೆ ಮಗುವಿಗೆ ವರ್ಷ ಅಂದರೆ ಆ ಅಂಕ ಮಾತ್ರ.

ಇನ್ನೊಂದು ಕ್ಯಾಲೆಂಡರ್ ಕೂಡ ಎದುರಿಗಿಟ್ಟುಕೊಳ್ಳಿ. ನಮ್ಮ ಶಾಲೆಗಳ ವರ್ಷಾಂತ್ಯ ಬರುವುದು ತಪಸ್ಸುಕಾಲದಲ್ಲಿ, ಅಂದರೆ ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚಿನ ನಲವತ್ತು ದಿನದ ಉಪವಾಸ, ಪಶ್ಚಾತ್ತಾಪದ ಕಾಲದಲ್ಲಿ, ಅಥವಾ ಅದರ ಅಂಚಿನಲ್ಲಿ. ಪಾಸ್ಖ ಹಬ್ಬ 2024ರಲ್ಲಿ ಮಾರ್ಚ್ 31ಕ್ಕೆ, 2025ರಲ್ಲಿ ಏಪ್ರಿಲ್ 20ಕ್ಕೆ, 2026ರಲ್ಲಿ ಏಪ್ರಿಲ್ 5ಕ್ಕೆ ಬಂತು. 2027ರಲ್ಲಿ ಮಾರ್ಚ್ 28ಕ್ಕೇ ಬರುತ್ತದೆ, ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಫೆಬ್ರವರಿ 10ಕ್ಕೆ. ಅಂದರೆ ಕೆಲವು ವರ್ಷ ಪಾಸ್ಖಕ್ಕೆ ಮುಂಚಿನ ಪವಿತ್ರ ವಾರ ಪರೀಕ್ಷೆಯ ನಡುವೆಯೇ ಬರುತ್ತದೆ. ಆ ವಾರದಲ್ಲಿ ಇದನ್ನು ತುರುಕಬೇಡಿ, ಅದಕ್ಕೆ ಅದರದೇ ಭಾರ ಇದೆ. ತಪಸ್ಸುಕಾಲದ ಮೂರನೇ ಅಥವಾ ನಾಲ್ಕನೇ ವಾರ ಸಿಕ್ಕಿದರೆ ಒಳ್ಳೆಯದು. ಚರ್ಚಿನಲ್ಲೂ ಅದೇ ಮಾತು ನಡೆದಿರುತ್ತದೆ.

ಒಟ್ಟು ಎಷ್ಟು ಹೊತ್ತು ಬೇಕು? ಸ್ಟಾಫಿಗೆ ಒಂದೂವರೆ ಗಂಟೆ, ಪ್ರತಿ ಕ್ಲಾಸಿಗೆ ಎರಡು ಪೀರಿಯಡ್, ಕೊನೆಗೆ ಅರ್ಧ ಗಂಟೆಯ ಒಂದು ಅಸೆಂಬ್ಲಿ. ಇದಕ್ಕಿಂತ ಜಾಸ್ತಿ ಕೇಳಿದರೆ ಶಾಲೆಯ ಆಡಳಿತ ನೋಡುವ ಯಾವ ಕರೆಸ್ಪಾಂಡೆಂಟ್ ಫಾದರೂ ಒಪ್ಪುವುದಿಲ್ಲ, ನ್ಯಾಯವೇ.

ಎರಡನೆಯದು: ಮೊದಲು ದೊಡ್ಡವರು ಕೂರಬೇಕು

ಈ ಹೆಜ್ಜೆ ಬಿಟ್ಟರೆ ಉಳಿದದ್ದೆಲ್ಲ ನಾಟಕ. ಒಂದು ಶನಿವಾರ ಮಧ್ಯಾಹ್ನ, ಮಕ್ಕಳು ಹೋದ ಮೇಲೆ ಕೂರಿ. ಕ್ಯಾಥೊಲಿಕ್ ಶಾಲೆಗಳಲ್ಲಿ ಸ್ಟಾಫ್ ರೆಕಲೆಕ್ಷನ್ ಅಂತ ಪ್ರಾರ್ಥನೆ, ಧ್ಯಾನದ ಒಂದು ದಿನ ಹೇಗೂ ಇರುತ್ತದೆ. ಆದರೆ ಅಲ್ಲಿ ಹೊರಗಿನಿಂದ ಬಂದ ಫಾದರ್ ಮಾತಾಡುತ್ತಾರೆ, ನಾವು ಕೇಳುತ್ತೇವೆ, ಊಟ ಮಾಡಿ ಬರುತ್ತೇವೆ. ಇಲ್ಲಿ ಹಾಗಲ್ಲ.

ಕುರ್ಚಿಗಳನ್ನು ದುಂಡಗೆ ಹಾಕಿ. ಆಫೀಸಿನವರು, ಅಟೆಂಡರ್, ಆಯಮ್ಮ, ಅಡುಗೆಯವರು, ಬಸ್ಸಿನ ಡ್ರೈವರ್ ಎಲ್ಲರೂ ಇರಲಿ. ಒಂದು ಮಗು ಬೆಳಿಗ್ಗೆ ಅಳುತ್ತಾ ಬಸ್ ಹತ್ತಿತು ಅಂತ ಗೊತ್ತಿರುವುದು ಡ್ರೈವರಿಗೆ, ಕ್ಲಾಸ್ ಟೀಚರಿಗಲ್ಲ. ನಮ್ಮಲ್ಲಿ ಒಂದು ವರ್ಷ ಅಡುಗೆಯಕ್ಕ ಹೇಳಿದ ಒಂದು ಮಾತು ಇಡೀ ಸಭೆಯ ದಿಕ್ಕನ್ನೇ ಬದಲಿಸಿತು. "ಆ ಹುಡುಗ ಸೋಮವಾರ ಮಾತ್ರ ಮೂರು ಸಲ ಅನ್ನ ಹಾಕಿಸಿಕೊಳ್ತಾನೆ, ಟೀಚರ್." ಶನಿವಾರ ಮಧ್ಯಾಹ್ನದಿಂದ ಸೋಮವಾರದವರೆಗೆ ಅವನಿಗೆ ಮನೆಯಲ್ಲಿ ಏನು ಸಿಗುತ್ತಿತ್ತು ಅಂತ ನಾವ್ಯಾರೂ ಕೇಳಿರಲಿಲ್ಲ.

ಕೇಳುವ ಪ್ರಶ್ನೆ ಮೂರೇ ಇರಲಿ. ಈ ವರ್ಷ ಯಾವ ಮಗುವಿನಿಂದ ನಾನು ಏನಾದರೂ ಕಲಿತೆನಾ? ಯಾವ ಮಗುವಿಗೆ ನನ್ನಿಂದ ನೋವಾಯಿತು? ಶಾಲೆಯಾಗಿ ನಾವು ಹೇಳಿದ್ದು ಒಂದು, ಮಾಡಿದ್ದು ಇನ್ನೊಂದು ಎಲ್ಲಿ? ಮೂರನೆಯದು ಗಟ್ಟಿ ಪ್ರಶ್ನೆ. ಗೋಡೆ ಮೇಲೆ ಪ್ರೀತಿ, ಸೇವೆ ಅಂತ ಬರೆಸಿ, ಫೀಸ್ ಕಟ್ಟದ ಮಗುವನ್ನು ಅಸೆಂಬ್ಲಿಯಲ್ಲಿ ಹೆಸರು ಕರೆದು ನಿಲ್ಲಿಸಿದ್ದರೆ ಅದು ಇಲ್ಲಿ ಹೊರಗೆ ಬರಬೇಕು.

ಎರಡು ನಿಯಮ. ಶೇಕಡಾವಾರು ಫಲಿತಾಂಶದ ಮಾತು ಎತ್ತುವಂತಿಲ್ಲ. ಹೆಡ್‌ಮಿಸ್ ಕೊನೆಗೆ ಮಾತಾಡಬೇಕು. ಅವರು ಮೊದಲು ಮಾತಾಡಿದರೆ ಉಳಿದವರೆಲ್ಲ ತಲೆ ಆಡಿಸುತ್ತಾರೆ, ನಮ್ಮ ಪದ್ಧತಿಯೇ ಅದು. ಮುಗಿಯುವಾಗ ಬರುವ ವರ್ಷಕ್ಕೆ ಮೂರು ಬದಲಾವಣೆ ಬರೆದುಕೊಳ್ಳಿ. ಹತ್ತು ಬೇಡ. ಆ ಹಾಳೆ ಎಲ್ಲಿಡಬೇಕು ಅಂತ ಆಮೇಲೆ ಹೇಳುತ್ತೇನೆ.

ಮೂರನೆಯದು: ಎಲ್ಲ ಮನೆಯ ಮಕ್ಕಳಿಗೂ ಜಾಗ ಇರಬೇಕು

ನಮ್ಮ ಶಾಲೆಗಳಲ್ಲಿ ಕ್ರೈಸ್ತ ಮಕ್ಕಳಿಗಿಂತ ಬೇರೆಯವರೇ ಜಾಸ್ತಿ ಇರುವುದು ಸಾಮಾನ್ಯ. ಕ್ರೈಸ್ತ ಮಕ್ಕಳು ಧರ್ಮೋಪದೇಶಕ್ಕೆ ಹೋದಾಗ ಉಳಿದವರು ಮೌಲ್ಯ ಶಿಕ್ಷಣಕ್ಕೆ ಕೂರುತ್ತಾರೆ. ಆದರೆ ಈ ಕೆಲಸಕ್ಕೆ ಮಕ್ಕಳನ್ನು ಹಾಗೆ ಎರಡು ಮಾಡಬೇಡಿ. ವರ್ಷವಿಡೀ ಒಂದೇ ಬೆಂಚಿನಲ್ಲಿ ಕೂತವರು ಆ ವರ್ಷವನ್ನು ನೋಡುವುದೂ ಜೊತೆಗೇ.

ಕಾನೂನನ್ನೂ ತಿಳಿದಿರಿ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ನಡೆಸುವ ಹಕ್ಕು ಕೊಡುತ್ತದೆ. 28ನೇ ವಿಧಿಯ 3ನೇ ಭಾಗ ಇನ್ನೊಂದು ಮಾತು ಹೇಳುತ್ತದೆ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಿಕ್ಷಣ ಸಂಸ್ಥೆಯಲ್ಲಿ ಯಾರನ್ನೂ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೋ ಆರಾಧನೆಗೋ ಕೂರಿಸುವಂತಿಲ್ಲ. ಚಿಕ್ಕ ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು. ಆದ್ದರಿಂದ ಡೈರಿಯಲ್ಲಿ ಮೊದಲೇ ಒಂದು ಸಾಲು ಬರೆದು ಕಳಿಸಿ. ಏನು ಮಾಡುತ್ತೇವೆ, ಎಷ್ಟು ಹೊತ್ತು, ಬೈಬಲ್ ಕಥೆ ಒಂದು ಇರುತ್ತದೆ, ಬೇಡ ಅನ್ನಿಸಿದರೆ ತಿಳಿಸಿ ಅಂತ. ನಮ್ಮ ಅನುಭವದಲ್ಲಿ ಬೇಡ ಅಂದವರು ಕಡಿಮೆ. ಮೊದಲೇ ಹೇಳಿದ್ದಕ್ಕೆ ಖುಷಿಪಟ್ಟವರು ಜಾಸ್ತಿ.

ಮಾತಿನಲ್ಲೂ ಸ್ವಲ್ಪ ಎಚ್ಚರ ಬೇಕು. "ಯೇಸುಸ್ವಾಮಿಗೆ ಪತ್ರ ಬರೆಯಿರಿ" ಅಂದರೆ ಫಾತಿಮಾಗೂ ಮಂಜುನಾಥನಿಗೂ ಪೆನ್ನು ಓಡುವುದಿಲ್ಲ. ಓಡಿದರೂ ಅದು ನಿಮ್ಮನ್ನು ಮೆಚ್ಚಿಸುವುದಕ್ಕೆ. "ನೀವು ನಂಬುವ ದೇವರಿಗೆ, ಇಲ್ಲದಿದ್ದರೆ ನಿಮಗೆ ನೀವೇ" ಅನ್ನಿ. ಇದರಿಂದ ಶಾಲೆಯ ಕ್ರೈಸ್ತತನ ಎಲ್ಲೂ ಕಡಿಮೆಯಾಗುವುದಿಲ್ಲ. ಪ್ರಾರ್ಥನೆಯನ್ನು ನೀವು ನಿಮ್ಮ ರೀತಿಯಲ್ಲೇ ಗಟ್ಟಿಯಾಗಿ ಹೇಳಿ, ಆಮೇಲೆ ಒಂದು ನಿಮಿಷ ಎಲ್ಲರಿಗೂ ಸುಮ್ಮನೆ ಬಿಡಿ.

ಚರ್ಚಿನಲ್ಲಿ ಸಾಕ್ಷಿ ಹೇಳಿಸಿ, ಅಂದರೆ ದೇವರು ತಮಗೆ ಮಾಡಿದ್ದನ್ನು ಎಲ್ಲರ ಮುಂದೆ ಹೇಳಿಸಿ, ಅಭ್ಯಾಸ ಇರುವವರು ಕ್ಲಾಸಿನಲ್ಲೂ ಎದ್ದುನಿಂತು ಸಾಕ್ಷಿ ಹೇಳಿ ಅನ್ನುವುದುಂಟು. ಖಂಡಿತ ಬೇಡ.

ನಾಲ್ಕನೆಯದು: ಜೂನ್‌ನಿಂದ ಮಾರ್ಚ್‌ವರೆಗೆ ಒಂದು ಗೆರೆ

ಮೊದಲ ಪೀರಿಯಡ್ ಪೂರ್ತಿ ಇದಕ್ಕೆ. ಮಕ್ಕಳಿಗೆ ನೆನಪಿರುವುದು ಕಳೆದ ವಾರ ಮಾತ್ರ. ಜೂನ್ ತಿಂಗಳು ಅವರಿಗೆ ಯಾವುದೋ ಹಿಂದಿನ ಕಾಲ. ಹಾಗಾಗಿ ಮೊದಲು ನೆನಪು ಮಾಡಿಸಬೇಕು, ಯೋಚನೆ ಆಮೇಲೆ.

ಬೋರ್ಡಿನ ಈ ತುದಿಯಿಂದ ಆ ತುದಿಗೆ ಚಾಕ್‌ನಲ್ಲಿ ಒಂದು ಗೆರೆ ಎಳೆಯಿರಿ. ಹತ್ತು ಗೀಟು ಹಾಕಿ, ಕೆಳಗೆ ತಿಂಗಳ ಹೆಸರು ಬರೆಯಿರಿ. ಮೇಲೆ ಏನೂ ಬರೆಯಬೇಡಿ. ಚಾಕ್‌ಪೀಸ್ ಮಕ್ಕಳ ಕೈಗೆ ಕೊಡಿ. ಮೊದಲ ಎರಡು ನಿಮಿಷ ಯಾರೂ ಏಳುವುದಿಲ್ಲ. ಕಾಯಿರಿ. ಕರಾವಳಿಯ ಶಾಲೆಯಾದರೆ ಮೊದಲು ಬರುವುದು ಜುಲೈನ ಮೇಲೆ "ಡಿಸಿ ರಜೆ". ಮಳೆಗೆ ಜಿಲ್ಲಾಧಿಕಾರಿ ರಜೆ ಕೊಟ್ಟ ದಿನಗಳನ್ನು ನಮ್ಮ ಮಕ್ಕಳು ಹುಟ್ಟುಹಬ್ಬಕ್ಕಿಂತ ಚೆನ್ನಾಗಿ ನೆನಪಿಟ್ಟಿರುತ್ತಾರೆ. ಇಡೀ ಕ್ಲಾಸು ನಗುತ್ತದೆ, ಗಂಟು ಬಿಚ್ಚಿತು. ಆಮೇಲೆ ಒಂದೊಂದೇ ಬರುತ್ತದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮಾತೆ ಮರಿಯಮ್ಮನ ಹುಟ್ಟುಹಬ್ಬ) ಹೂ ತಂದದ್ದು, ತೆನೆ ಮನೆಗೊಯ್ದದ್ದು. ದಸರಾ ರಜೆ. ಸ್ಪೋರ್ಟ್ಸ್ ದಿನ ರಿಲೇಯಲ್ಲಿ ಕೋಲು ಬಿದ್ದದ್ದು. ಡಿಸೆಂಬರಿನಲ್ಲಿ ಕ್ರಿಸ್ಮಸ್ ಗೋದಲಿ ಕಟ್ಟುವಾಗ ಕುರಿಯ ಬೊಂಬೆಯ ಕಾಲು ಮುರಿದದ್ದು, ಮುರಿದವರು ಯಾರು ಅಂತ ಇವತ್ತಿಗೂ ಪತ್ತೆಯಾಗದ್ದು.

ನಗು ಇಳಿದಾಗ ನೀವು ಒಂದು ಪ್ರಶ್ನೆ ಕೇಳಿ: "ಬೋರ್ಡಿನ ಮೇಲೆ ಬರೆಯದೆ ಬಿಟ್ಟದ್ದು ಏನಾದರೂ ಇದೆಯಾ?" ಉತ್ತರ ಹೇಳಿಸಬೇಡಿ. ಬೇಕಾದವರು ಬಂದು ಆ ತಿಂಗಳ ಮೇಲೆ ಒಂದು ಚುಕ್ಕಿ ಇಟ್ಟು ಹೋಗಲಿ. ಅಪ್ಪ ತೀರಿಹೋದ ಆ ಹುಡುಗಿಗೆ ನಾನು ಕೊಡಬೇಕಾಗಿದ್ದದ್ದು ಮೈಕ್ ಅಲ್ಲ, ಈ ಚುಕ್ಕಿ. ಒಂದು ವರ್ಷ ನವೆಂಬರಿನ ಮೇಲೆ ಒಂಬತ್ತು ಚುಕ್ಕಿ ಬಿದ್ದವು. ಆ ತಿಂಗಳು ಕ್ಲಾಸಿನಲ್ಲಿ ಒಬ್ಬ ಹುಡುಗನ ಜೊತೆ ಎಲ್ಲರೂ ಸೇರಿ ಮಾತು ಬಿಟ್ಟಿದ್ದರು. ನನಗೆ ಅದು ಗೊತ್ತಾದದ್ದು ಆ ಚುಕ್ಕಿಗಳಿಂದ.

ಬೋರ್ಡ್ ಒರೆಸಬೇಡಿ. ಎರಡನೇ ಪೀರಿಯಡ್‌ವರೆಗೆ ಹಾಗೇ ಇರಲಿ.

ಐದನೆಯದು: ನಲವತ್ತು ನಿಮಿಷದ ಮೌನ

ನಲವತ್ತು ನಿಮಿಷ ಪೂರಾ ಮೌನ ಇರುವುದಿಲ್ಲ, ಹೆದರಬೇಡಿ. ಇಗ್ನೇಷಿಯಸ್ಸರ ಐದು ಹಂತಗಳನ್ನು ನಮ್ಮ ಪೀರಿಯಡ್‌ಗೆ ಹೊಂದಿಸಿದ್ದೇವೆ. 5ನೇ ತರಗತಿಯಿಂದ ಮೇಲಿನವರಿಗೆ ಇದು ಸರಿ. ಚಿಕ್ಕವರಿಗೆ ಬೇರೆ ಮಾಡಬೇಕು, ಕೆಳಗೆ ಹೇಳಿದ್ದೇನೆ.

ಕಿಟಕಿ ತೆರೆದಿರಲಿ, ಫ್ಯಾನ್ ನಿಲ್ಲಿಸಿ. ಮೇಜಿನ ಮೇಲೆ ಒಂದೇ ಒಂದು ದೀಪ ಸಾಕು. ಕೈಗೊಂದು ಮೇಣದಬತ್ತಿ ಕೊಟ್ಟ ಕಥೆ ಆಗಲೇ ಕೇಳಿದ್ದೀರಲ್ಲ. ಮೊದಲ ಮೂರು ನಿಮಿಷ ಏನೂ ಹೇಳದೆ, ಹೊರಗಿನ ಸದ್ದು ಎಷ್ಟು ಕೇಳುತ್ತದೆ ಅಂತ ಎಣಿಸಲು ಹೇಳಿ. ಕಾಗೆ, ರಸ್ತೆಯ ಬಸ್ಸು, ಪಕ್ಕದ ಕ್ಲಾಸಿನ ಮಗ್ಗಿ. ಮಕ್ಕಳು ತಾವಾಗಿಯೇ ತಣ್ಣಗಾಗುತ್ತಾರೆ. "ಸೈಲೆನ್ಸ್!" ಅಂತ ಕೂಗುವುದಕ್ಕಿಂತ ಇದು ಬೇಗ ಕೆಲಸ ಮಾಡುತ್ತದೆ.

ಆಮೇಲೆ ನಿಧಾನವಾಗಿ, ಓದಿದ ಹಾಗಲ್ಲದೆ ಮಾತಾಡಿದ ಹಾಗೆ ಹೇಳಿ:

"ಈ ವರ್ಷ ನಿಮಗೆ ಯಾರೋ ಒಬ್ಬರು ಒಳ್ಳೆಯದು ಮಾಡಿದ್ದಾರೆ. ಅವರ ಮುಖ ನೆನಪು ಮಾಡಿಕೊಳ್ಳಿ. ಆವತ್ತು ಅವರು ಏನು ಹೇಳಿದ್ದರು? ಮನಸ್ಸಿನಲ್ಲೇ ಅವರಿಗೆ ಥ್ಯಾಂಕ್ಸ್ ಹೇಳಿ." ಐದು ನಿಮಿಷ ಬಿಡಿ.

"ಈಗ ಬೋರ್ಡ್ ನೋಡಿ. ಎಲ್ಲವನ್ನೂ ಇದ್ದ ಹಾಗೇ ನೋಡುವ ಧೈರ್ಯ ಕೊಡು ಅಂತ ಕೇಳಿಕೊಳ್ಳಿ." ಎರಡು ನಿಮಿಷ.

"ಜೂನ್‌ನಿಂದ ಒಂದೊಂದೇ ತಿಂಗಳು ನಡೆದು ಬನ್ನಿ. ಎಲ್ಲಿ ಖುಷಿಯಾಯಿತು, ಅಲ್ಲಿ ಸ್ವಲ್ಪ ನಿಲ್ಲಿ. ಎಲ್ಲಿ ಶಾಲೆಗೆ ಬರುವುದೇ ಬೇಡ ಅನ್ನಿಸಿತ್ತು, ಅಲ್ಲೂ ನಿಲ್ಲಿ." ಹನ್ನೆರಡು ನಿಮಿಷ. ನಡುನಡುವೆ ತಿಂಗಳ ಹೆಸರು ಮಾತ್ರ ಮೆಲ್ಲಗೆ ಹೇಳುತ್ತಿರಿ.

"ಯಾರಿಗಾದರೂ ನಿಮ್ಮಿಂದ ನೋವಾಗಿದೆಯಾ? ನಿಮಗೆ ಯಾರಿಂದಲಾದರೂ ಆಗಿದೆಯಾ? ಕ್ಷಮಿಸಲು ಇವತ್ತೇ ಆಗದಿದ್ದರೆ ಪರವಾಗಿಲ್ಲ, ಆಗಿದೆ ಅಂತ ಒಪ್ಪಿಕೊಳ್ಳಿ ಸಾಕು." ಆರು ನಿಮಿಷ. ಈ ಕೊನೆಯ ವಾಕ್ಯ ಬಿಡಬೇಡಿ. ಪೆಟ್ಟು ತಿಂದ ಮಗುವಿಗೆ ಕ್ಷಮಿಸು ಅಂತ ಒತ್ತಾಯ ಮಾಡುವುದು ಇನ್ನೊಂದು ಪೆಟ್ಟು.

"ಬರುವ ಜೂನ್‌ನಲ್ಲಿ ನೀವು ಗೇಟಿನೊಳಗೆ ಬರುವಾಗ ಯಾವ ಒಂದು ವಿಷಯ ಬೇರೆ ಥರ ಇರಬೇಕು?" ಐದು ನಿಮಿಷ.

ಇಷ್ಟಕ್ಕೆ ಮೂವತ್ತಮೂರು ನಿಮಿಷವಾಯಿತು. ಉಳಿದ ಏಳು ನಿಮಿಷ ಬರೆಯಲು. ಅರ್ಧ ಹಾಳೆ ಸಾಕು, ಹೆಸರು ಬೇಡ. ಬರೆದದ್ದನ್ನು ಮಡಚಿ ಅವರೇ ಇಟ್ಟುಕೊಳ್ಳಲಿ. ನೀವು ಸಂಗ್ರಹಿಸಬೇಡಿ, ಓದಬೇಡಿ, ಸ್ಪೆಲ್ಲಿಂಗ್ ನೋಡಬೇಡಿ. ಚಾರ್ಟಿಗೆ ಅಂಟಿಸಿ ಇನ್ಸ್‌ಪೆಕ್ಷನ್‌ಗೆ ತೋರಿಸುವ ಆಸೆ ಬರುತ್ತದೆ, ನನಗೂ ಬಂದಿದೆ. ಕೈ ಕಟ್ಟಿ ಕೂರಿ.

1ರಿಂದ 4ನೇ ತರಗತಿಯವರಿಗೆ ಹದಿನೈದು ನಿಮಿಷ ಸಾಕು. ಹಾಳೆಯ ಮೇಲೆ ಅಂಗೈ ಇಟ್ಟು ಗೆರೆ ಎಳೆಯಲಿ. ಐದು ಬೆರಳಿಗೆ ಐದು ಚಿತ್ರ: ಗೆಳೆಯ, ಇಷ್ಟದ ದಿನ, ಅತ್ತ ದಿನ, ಸಾರಿ ಹೇಳಬೇಕಾದವರು, ದೊಡ್ಡವನಾದ ಮೇಲೆ ಮಾಡುವುದು. ಐದನೆಯದರಲ್ಲಿ ಡೈನೋಸಾರ್ ಬಂದರೂ ಒಪ್ಪಿಕೊಳ್ಳಿ.

ಒಂದು ಎಚ್ಚರಿಕೆ, ಇದನ್ನು ಹಗುರ ಮಾಡಬೇಡಿ

ಮೌನ ಬಿಟ್ಟುಕೊಟ್ಟಾಗ ಕೆಲವು ಸಲ ಒಳಗೆ ಹೂತಿದ್ದದ್ದು ಎದ್ದು ಬರುತ್ತದೆ. ಪೀರಿಯಡ್ ಮುಗಿದ ಮೇಲೆ ಒಂದು ಮಗು ಬ್ಯಾಗ್ ಹಾಕಿಕೊಳ್ಳದೆ ಹಾಗೇ ನಿಂತಿದ್ದರೆ ನೀವೂ ನಿಲ್ಲಿ. "ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ ಮಿಸ್" ಅಂದರೆ ಮಾಡಬೇಡಿ. "ನಿನ್ನನ್ನು ಕಾಪಾಡಲು ಯಾರಿಗೆ ಹೇಳಬೇಕೋ ಅವರಿಗೆ ಮಾತ್ರ ಹೇಳ್ತೇನೆ" ಅನ್ನಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯ್ದೆಯಡಿ ಕಡ್ಡಾಯ. ಮುಚ್ಚಿಟ್ಟರೆ ಶಿಕ್ಷೆ ಇದೆ. ಶಾಲೆಯ ಮರ್ಯಾದೆ, ಧರ್ಮಸಭೆಯ ಮರ್ಯಾದೆ ಅಂತ ಯಾರಾದರೂ ಅಡ್ಡ ಬಂದರೂ ನಿಲ್ಲಬೇಡಿ. ಮಕ್ಕಳ ಸಹಾಯವಾಣಿ 1098 ಅನ್ನು ಬೋರ್ಡಿನ ಮೂಲೆಯಲ್ಲಿ ಆ ದಿನ ಬರೆದೇ ಇಡಿ. ಕೌನ್ಸಿಲರ್ ಇದ್ದರೆ ಆ ವಾರ ಶಾಲೆಯಲ್ಲೇ ಇರುವಂತೆ ನೋಡಿಕೊಳ್ಳಿ.

ಆರನೆಯದು: ಥ್ಯಾಂಕ್ಸ್ ಮತ್ತು ಸಾರಿ

ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಗುಣವಾಗುವ ಕಥೆ ಇದೆ. ತಿರುಗಿ ಬಂದು ಥ್ಯಾಂಕ್ಸ್ ಹೇಳಿದವನು ಒಬ್ಬನೇ, ಅವನೂ ಸಮಾರ್ಯದವನು, ಬೇರೆ ಜನ. ಈ ಕಥೆಯನ್ನು ಕ್ಲಾಸಿನಲ್ಲಿ ಹೇಳಲು ಎರಡು ನಿಮಿಷ ಸಾಕು. ಆಮೇಲೆ ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಡಿ. ಒಬ್ಬರಿಗೆ, ಒಂದು ಕಾರಣಕ್ಕೆ ಥ್ಯಾಂಕ್ಸ್. "ಎಲ್ಲ ಶಿಕ್ಷಕರಿಗೂ ಧನ್ಯವಾದ" ಅನ್ನುವಂತಿಲ್ಲ. "ಗಣಿತದ ಸರ್, ಆವತ್ತು ನಾನು ತಪ್ಪು ಹೇಳಿದಾಗ ನೀವು ನಗಲಿಲ್ಲ" ಅಂದರೆ ಅದು ಥ್ಯಾಂಕ್ಸ್. ಚೀಟಿಯನ್ನು ಮಕ್ಕಳೇ ಹೋಗಿ ಕೊಡಲಿ. ಟಾಯ್ಲೆಟ್ ತೊಳೆಯುವ ಅಕ್ಕನಿಗೆ ಚೀಟಿ ಬಂದಿದೆಯಾ ಅಂತ ನೋಡಿ. ಬರದಿದ್ದರೆ ಮಕ್ಕಳಿಗೆ ಹೇಳಿಕೊಡಲು ನಿಮಗೊಂದು ಪಾಠ ಸಿಕ್ಕಿತು ಅಂದುಕೊಳ್ಳಿ.

ಸಾರಿ ಹೇಳುವ ಸರದಿ ಮೊದಲು ಟೀಚರದ್ದು. ಇದು ಕಷ್ಟ. ನಾನು ಮೊದಲ ಸಲ "ಅಕ್ಟೋಬರಿನಲ್ಲಿ ಒಂದು ದಿನ ಹೋಂವರ್ಕ್ ತಂದಿಲ್ಲ ಅಂತ ಇಡೀ ಕೊನೆಯ ಬೆಂಚನ್ನು ಹೊರಗೆ ನಿಲ್ಲಿಸಿದೆ. ಅವರಲ್ಲಿ ಇಬ್ಬರು ತಂದಿದ್ದರು. ತಪ್ಪಾಯಿತು" ಅಂದಾಗ ಗಂಟಲು ಒಣಗಿತ್ತು. ಕೊನೆಯ ಬೆಂಚಿನಿಂದ ಒಬ್ಬ, "ಮೂರು ಜನ ಮಿಸ್" ಅಂದ. ಆಮೇಲೆ ಆ ಕ್ಲಾಸಿನಲ್ಲಿ ಸಾರಿ ಹೇಳಿಕೊಳ್ಳಲು ಯಾರಿಗೂ ನಾನು ಹೇಳಬೇಕಾಗಲಿಲ್ಲ.

ಏಳನೆಯದು: ಕೊನೆಯ ಅಸೆಂಬ್ಲಿ ಮತ್ತು ಹನ್ನೆರಡು ಕಲ್ಲು

ಮುಖ್ಯ ಅತಿಥಿ ಬೇಡ. ಹಾರ, ಶಾಲು, ಸ್ವಾಗತ ನೃತ್ಯ ಬೇಡ. ಅದಕ್ಕೆ ಸ್ಕೂಲ್ ಡೇ ಇದೆ. ಅರ್ಧ ಗಂಟೆ, ಮರದಡಿ ಜಾಗ ಇದ್ದರೆ ಮರದಡಿ.

ಬೈಬಲಿನ ಯೆಹೋಶುವನ ಗ್ರಂಥದ 4ನೇ ಅಧ್ಯಾಯದಲ್ಲಿ ಇಸ್ರಯೇಲ್ ಜನ ಜೋರ್ದಾನ್ ನದಿ ದಾಟುತ್ತಾರೆ. ನದಿಯ ಮಧ್ಯದಿಂದ ಹನ್ನೆರಡು ಕಲ್ಲು ಎತ್ತಿಕೊಂಡು ಬಂದು ದಡದಲ್ಲಿ ಇಡುತ್ತಾರೆ. ಯಾಕೆ ಅಂದರೆ, ಮುಂದೆ ಮಕ್ಕಳು ಈ ಕಲ್ಲು ಯಾಕೆ ಅಂತ ಕೇಳಿದಾಗ ಕಥೆ ಹೇಳಬೇಕಲ್ಲ. ನಾವು ಲೆಕ್ಕ ಹಾಕಿದೆವು. 1ರಿಂದ 10ರವರೆಗೆ ಹತ್ತು ತರಗತಿ, ಟೀಚರ್‌ಗಳದ್ದೊಂದು, ಆಫೀಸು ಮತ್ತು ಅಡುಗೆಮನೆಯವರದ್ದೊಂದು. ಸರಿಯಾಗಿ ಹನ್ನೆರಡು. ನಮ್ಮಲ್ಲಿ ಸಿಗುವುದು ಮುರಕಲ್ಲು, ಆದ್ದರಿಂದ ಮುರಕಲ್ಲಿನ ಚೂರುಗಳನ್ನೇ ತಂದೆವು. ಮೈಸೂರಿನ ಕಡೆಯವರಿಗೆ ಕರಿಕಲ್ಲು ಸಿಕ್ಕೀತು. ಅಂಗಡಿಯಿಂದ ಬಿಳಿ ಗುಂಡುಕಲ್ಲು ಕೊಂಡು ತರಬೇಡಿ. ನಿಮ್ಮ ಕಾಂಪೌಂಡಿನ ಕಲ್ಲೇ ಇರಲಿ.

ಪ್ರತಿ ಕ್ಲಾಸಿನಿಂದ ಒಬ್ಬರು ಕಲ್ಲು ಹಿಡಿದು ಬಂದು ಒಂದು ಗಿಡದ ಸುತ್ತ ಇಡಲಿ. ಇಡುವಾಗ ಒಂದೇ ವಾಕ್ಯ, ಕ್ಲಾಸು ಒಟ್ಟಾಗಿ ಆರಿಸಿದ್ದು. "ನಮ್ಮ ಕ್ಲಾಸಿಗೆ ಈ ವರ್ಷ ಮೂವರು ಹೊಸಬರು ಬಂದರು, ಈಗ ಹೊಸಬರು ಅನ್ನಿಸುವುದಿಲ್ಲ." ಅಷ್ಟೇ. ವರ್ಷದಲ್ಲಿ ತೀರಿಕೊಂಡವರ ಹೆಸರು ಓದಿ. ಮನೆಯವರ ಒಪ್ಪಿಗೆ ಕೇಳಿ ಓದಿ. ಒಂದು ಹಾಡು. 10ನೆಯವರು ಇನ್ನೂ ಶಾಲೆಯಲ್ಲಿದ್ದರೆ ಅವರನ್ನು ನಡುವೆ ನಿಲ್ಲಿಸಿ ಬೈಬಲಿನ ಅರಣ್ಯಕಾಂಡ 6ರಲ್ಲಿರುವ ಆಶೀರ್ವಾದದ ಮಾತು ಹೇಳಿ. ಆಮೇಲೆ ಅವರು ಒಬ್ಬರ ಯೂನಿಫಾರ್ಮ್ ಮೇಲೆ ಒಬ್ಬರು ಇಂಕು ಎರಚಿಕೊಳ್ಳುತ್ತಾರೆ, ಸ್ಲ್ಯಾಮ್ ಬುಕ್ ಹಿಡಿದು ಓಡಾಡುತ್ತಾರೆ. ಬಿಡಿ, ಅದೂ ಅವರ ರೀತಿಯ ಹಿಂದಿರುಗಿ ನೋಡುವಿಕೆಯೇ ಅಲ್ವಾ.

ಎಂಟನೆಯದು: ಮನೆಗೆ ಹೋಗುವ ಕಾಗದ

ಪ್ರಗತಿ ಪತ್ರದ ಜೊತೆ ಅರ್ಧ ಹಾಳೆಯ ಒಂದು ಕಾಗದ ಇಡಿ. ಕ್ಲಾಸ್ ಟೀಚರ್ ಕೈಬರಹದಲ್ಲಿ ಎರಡು ಸಾಲು. "ನಿಮ್ಮ ಮಗ ಈ ವರ್ಷ ಹೊಸಬನೊಬ್ಬನನ್ನು ತನ್ನ ಪಕ್ಕ ಕೂರಿಸಿಕೊಂಡ. ಅದನ್ನು ನಾನು ನೋಡಿದೆ." ನಲವತ್ತು ಮಕ್ಕಳಿಗೆ ಬರೆಯುವುದು ತುಂಬಾ ಕೆಲಸ, ಗೊತ್ತು. ಜನವರಿಯಿಂದ ದಿನಕ್ಕೊಂದು ಬರೆದಿಟ್ಟರೆ ಮಾರ್ಚ್ ಹೊತ್ತಿಗೆ ಮುಗಿಯುತ್ತದೆ. ಯಾವ ಮಗುವಿನ ಬಗ್ಗೆ ಬರೆಯಲು ಏನೂ ತೋಚುವುದಿಲ್ಲವೋ ಆ ಹೆಸರನ್ನು ಬೇರೆ ಬರೆದಿಡಿ. ಆ ಮಗುವನ್ನು ನೀವು ಈ ವರ್ಷ ನೋಡಿಯೇ ಇಲ್ಲ. ಇನ್ನೂ ಎರಡು ತಿಂಗಳಿದೆ, ನೋಡಿ.

ಕೊನೆಯದು: ಜೂನ್‌ಗೆ ಒಂದು ಡಬ್ಬ

ಸ್ಟಾಫ್ ಸಭೆಯಲ್ಲಿ ಬರೆದ ಮೂರು ಬದಲಾವಣೆಗಳ ಹಾಳೆ ನೆನಪಿದೆಯಲ್ಲ. ಅದನ್ನು ಒಂದು ಬಿಸ್ಕತ್ ಡಬ್ಬದಲ್ಲಿ ಹಾಕಿ. ಮಕ್ಕಳಲ್ಲಿ ಬೇಕಾದವರು ತಮ್ಮ ಮಡಚಿದ ಚೀಟಿಯನ್ನೂ ಲಕೋಟೆಯಲ್ಲಿ ಮುಚ್ಚಿ, ಹೊರಗೆ ಹೆಸರು ಬರೆದು ಅದರಲ್ಲಿ ಹಾಕಬಹುದು. ಡಬ್ಬಕ್ಕೆ ಟೇಪ್ ಸುತ್ತಿ ಆಫೀಸಿನ ಬೀರುವಿನಲ್ಲಿಡಿ. ನ್ಯಾಫ್ತಲಿನ್ ಗುಳಿಗೆ ಒಂದೆರಡು ಹಾಕಿ, ನಮ್ಮಲ್ಲಿ ಒಂದು ವರ್ಷ ಗೆದ್ದಲು ಅರ್ಧ ತಿಂದಿತ್ತು.

ಶಾಲಾ ಪ್ರಾರಂಭೋತ್ಸವದ ವಾರದಲ್ಲಿ ಡಬ್ಬ ತೆಗೆಯಿರಿ. ಲಕೋಟೆಗಳನ್ನು ಅವರವರಿಗೆ ಕೊಡಿ. ಸ್ಟಾಫಿನ ಹಾಳೆಯನ್ನು ಮೊದಲ ಸಭೆಯಲ್ಲಿ ಹೆಡ್‌ಮಿಸ್ ಗಟ್ಟಿಯಾಗಿ ಓದಲಿ. ಅದರಲ್ಲಿ ಒಂದನ್ನು ಅದೇ ತಿಂಗಳು ಶುರುಮಾಡಿ. ನಾವು ಮೊದಲು ಶುರುಮಾಡಿದ್ದು ಸೋಮವಾರದ ಊಟ: ಆ ದಿನ ಒಂದು ಪಾತ್ರೆ ಜಾಸ್ತಿ.

ಅಷ್ಟರಲ್ಲಿ ಮಳೆ ಬಂದು ಗಿಡದ ಸುತ್ತಲಿನ ಮುರಕಲ್ಲುಗಳ ಮೇಲೆ ಪಾಚಿ ಹಿಡಿದಿರುತ್ತದೆ. 1ನೇ ಕ್ಲಾಸಿಗೆ ಹೊಸದಾಗಿ ಬಂದವರಲ್ಲಿ ಯಾರೋ ಒಬ್ಬರು ಅದರ ಮೇಲೆ ಹತ್ತಿ ನಿಂತು "ಮಿಸ್, ಈ ಕಲ್ಲು ಯಾಕೆ?" ಅಂತ ಕೇಳಿಯೇ ಕೇಳುತ್ತಾರೆ. ನೀವು ಉತ್ತರ ಹೇಳಬೇಡಿ. 2ನೇ ಕ್ಲಾಸಿನವರನ್ನು ಕರೆಯಿರಿ.